ಥಣಿಸಂದ್ರದ ಹೊಸ ಫ್ಲ್ಯಾಟ್: ಅಡ್ವಾನ್ಸ್ ಕೊಡುವ ಮುಂಚೆ

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದೇವೆ. ಅವಳ ಆಫೀಸು ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ, ನನ್ನದು ವೈಟ್‌ಫೀಲ್ಡ್‌ನಲ್ಲಿ. ಆರ್.ಟಿ. ನಗರದಲ್ಲಿ 24,000 ಬಾಡಿಗೆ ಕಟ್ಟುತ್ತಿದ್ದೇವೆ. ಥಣಿಸಂದ್ರ ಮುಖ್ಯರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ನಾಲ್ಕು ಎಕರೆ, 420 ಮನೆ. ಎರಡು ಬೆಡ್‌ರೂಮಿನ ಮನೆ 1,180 ಚದರಡಿ. ಕಾರ್ಪೆಟ್ ಏರಿಯಾ 790 ಅಂತ ಕೇಳಿದ ಮೇಲೆ ಹೇಳಿದರು. ಅಡಿಗೆ 7,500 ರೂಪಾಯಿ. ಪಾರ್ಕಿಂಗ್, ಕ್ಲಬ್ ಹೌಸ್, ನೀರು, ಕರೆಂಟು ಅಂತ ಇನ್ನೂ ಏಳೂವರೆ ಲಕ್ಷ. 2028ರ ಡಿಸೆಂಬರ್‌ಗೆ ಕೀ ಕೊಡುತ್ತಾರಂತೆ. ನಮ್ಮ ಉಳಿತಾಯ 22 ಲಕ್ಷ. ಅಪ್ಪ ಅಡಿಕೆ ದುಡ್ಡಿನಲ್ಲಿ 12 ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಇಬ್ಬರ ಸಂಬಳ ಸೇರಿ ಕೈಗೆ 1.7 ಲಕ್ಷ ಬರುತ್ತದೆ. ಅಲ್ಲೇ ಇಂಥದ್ದೇ ಮನೆಗೆ ಬಾಡಿಗೆ 30,000 ಇದೆ. ಮೆಟ್ರೋ ಬಂದರೆ ಬೆಲೆ ಒಂದೂವರೆ ಪಟ್ಟಾಗುತ್ತದೆ, ಈ ಭಾನುವಾರದೊಳಗೆ ಬುಕ್ ಮಾಡಿದರೆ ಅಡಿಗೆ 200 ರೂಪಾಯಿ ಕಡಿಮೆ ಅಂತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಈ ಭಾನುವಾರ ಬೇಡ. ಮುಂದೆಯೂ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಬರೆದಿರುವುದರಲ್ಲಿ ದುಡ್ಡಿನ ವಿವರ ಎಲ್ಲ ಇದೆ, ಜಾಗದ ವಿವರ ಒಂದೂ ಇಲ್ಲ. ಸರ್ವೆ ನಂಬರ್ ಇಲ್ಲ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲ, ನೀರು ಎಲ್ಲಿಂದ ಬರುತ್ತದೆ ಅನ್ನುವುದೂ ಇಲ್ಲ. ಅಡಿಗೆ 200 ಅಂದರೆ ಒಟ್ಟು 2.36 ಲಕ್ಷ. ಇಷ್ಟು ಉಳಿಸಲು ಹೋಗಿ ಒಂದು ಕೋಟಿಯ ವ್ಯವಹಾರವನ್ನು ನಾಲ್ಕು ದಿನದಲ್ಲಿ ಮುಗಿಸಬೇಡಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕುಗಳಿಗಾಗಿ ಮನೆಗಳ ಬೆಲೆ ಕಟ್ಟುವ ಕೆಲಸ ಮಾಡಿದ್ದೇನೆ. 'ಇದೇ ಕೊನೆಯ ಭಾನುವಾರ' ಅಂದ ರಿಯಾಯಿತಿ ಮುಂದಿನ ಹಬ್ಬಕ್ಕೆ ಬೇರೆ ಹೆಸರಿನಲ್ಲಿ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಮನೆಗೆ 88.5 ಲಕ್ಷ, ಮೇಲೆ 7.5 ಲಕ್ಷ, ಒಟ್ಟು 96 ಲಕ್ಷ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ. 5 ಜಿಎಸ್‌ಟಿ, ಅದು 4.8 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 0.6. ನೋಂದಣಿ ಶುಲ್ಕ ಮುಂಚೆ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಯಿತು. ಅಲ್ಲಿಗೆ ಶೇ. 7.6, ಅಂದರೆ ಸುಮಾರು 7.3 ಲಕ್ಷ. ಕೀ ಕೈಗೆ ಬರುವ ಹೊತ್ತಿಗೆ 1.08 ಕೋಟಿ. ವಾರ್ಡ್‌ರೋಬ್, ಅಡುಗೆಮನೆ ಕೆಲಸ, ಲೈಟು, ಫ್ಯಾನು ಇದರಲ್ಲಿ ಸೇರಿಲ್ಲ. ಎಷ್ಟೇ ಕೈ ಬಿಗಿ ಹಿಡಿದರೂ ಅದಕ್ಕೆ ಆರೇಳು ಲಕ್ಷ ಬೇಕು.

ಬ್ಯಾಂಕು ಎಷ್ಟು ಕೊಡುತ್ತದೆ? ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ದಾಟಿದ ಸಾಲಕ್ಕೆ ಮನೆ ಬೆಲೆಯ ಶೇ. 75 ಮಾತ್ರ. ಮುದ್ರಾಂಕ, ನೋಂದಣಿ ಖರ್ಚನ್ನು ಮನೆ ಬೆಲೆಗೆ ಸೇರಿಸುವ ಹಾಗಿಲ್ಲ. ನಿಮಗೆ 75 ಲಕ್ಷದ ಆಸುಪಾಸು ಸಿಗಬಹುದು. ಉಳಿದ 33 ಲಕ್ಷ ನಿಮ್ಮದು. ನಿಮ್ಮ 22, ಅಪ್ಪನ 12 ಸೇರಿದರೆ 34 ಲಕ್ಷ. ಎಲ್ಲ ಸುರಿದ ಮೇಲೆ ಉಳಿಯುವುದು ಒಂದು ಲಕ್ಷ. ನನಗೆ ಅತಿ ಹೆಚ್ಚು ಚಿಂತೆ ತಂದಿದ್ದು ಈ ಒಂದು ಲಕ್ಷ. ಊರಲ್ಲಿ ಅಪ್ಪ ಅಮ್ಮ ಇದ್ದಾರೆ. ನಾಳೆ ಒಂದು ಆಸ್ಪತ್ರೆ ಖರ್ಚು ಬಂದರೆ ಆ ದುಡ್ಡು ಎಲ್ಲಿಂದ ತರುತ್ತೀರಿ?

75 ಲಕ್ಷಕ್ಕೆ ಶೇ. 8 ಬಡ್ಡಿ, ಇಪ್ಪತ್ತು ವರ್ಷ ಅಂದರೆ ತಿಂಗಳ ಕಂತು ಸುಮಾರು 62,700. ಅಪಾರ್ಟ್‌ಮೆಂಟಿನ ತಿಂಗಳ ನಿರ್ವಹಣೆಗೆ ಐದು ಸಾವಿರ ಇಟ್ಟುಕೊಳ್ಳಿ. ಇಬ್ಬರೂ ದುಡಿಯುತ್ತಿದ್ದರೆ 1.7 ಲಕ್ಷದಲ್ಲಿ ಇದು ನಡೆಯುತ್ತದೆ. ಒಬ್ಬರ ಸಂಬಳ ಆರು ತಿಂಗಳು ನಿಂತರೆ ನಡೆಯುವುದಿಲ್ಲ. ಕಟ್ಟಡ ಮುಗಿಯುವ ತನಕದ ಕಷ್ಟ ಬೇರೆ. ಸ್ಲ್ಯಾಬ್ ಏರಿದ ಹಾಗೆ ಬ್ಯಾಂಕು ಬಿಲ್ಡರ್‌ಗೆ ಹಣ ಬಿಡುತ್ತಾ ಹೋಗುತ್ತದೆ, ಬಿಟ್ಟಷ್ಟಕ್ಕೆ ನೀವು ಬಡ್ಡಿ ಕಟ್ಟುತ್ತಾ ಹೋಗುತ್ತೀರಿ. ಅರ್ಧ ಸಾಲ ಬಿಡುಗಡೆಯಾದ ಹೊತ್ತಿಗೆ ತಿಂಗಳಿಗೆ 25,000 ಬಡ್ಡಿ, ಜೊತೆಗೆ ಆರ್.ಟಿ. ನಗರದ 24,000 ಬಾಡಿಗೆ. ಕಟ್ಟಡ ಒಂದು ವರ್ಷ ತಡವಾದರೆ ಈ ಎರಡು ಖರ್ಚೂ ಒಂದು ವರ್ಷ ಮುಂದಕ್ಕೆ ಹೋಗುತ್ತವೆ.

ಬೆಲೆ ಸರಿಯಾಗಿದೆಯಾ ಎಂದು ನೋಡಲು 1,180ನ್ನು ಮರೆತುಬಿಡಿ. ಅದರಲ್ಲಿ ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೆಲ್ಲ ಸೇರಿದೆ. ನೀವು ಚಾಪೆ ಹಾಸಬಹುದಾದ ಜಾಗ 790. 96 ಲಕ್ಷವನ್ನು 790ರಿಂದ ಭಾಗಿಸಿದರೆ ಅಡಿಗೆ 12,150 ರೂಪಾಯಿ ಆಯಿತು. ಬೇರೆ ಯಾವ ಮನೆ ನೋಡಿದರೂ ಹೀಗೇ ಲೆಕ್ಕ ಹಾಕಿ ಹೋಲಿಸಿ. ಒಬ್ಬ ಬಿಲ್ಡರ್ 'ಅಡಿಗೆ 7,000' ಅಂದು ಕಾರ್ಪೆಟ್ ಕಡಿಮೆ ಕೊಟ್ಟರೆ ಅವನದೇ ದುಬಾರಿ. ರೇರಾ ಕಾಯ್ದೆಯ ಕಾರ್ಪೆಟ್ ಲೆಕ್ಕದಲ್ಲಿ ಒಳಗಿನ ಗೋಡೆಗಳು ಸೇರುತ್ತವೆ, ಬಾಲ್ಕನಿ ಸೇರುವುದಿಲ್ಲ. ಅವರು ಹೇಳಿದ 790ರಲ್ಲಿ ಬಾಲ್ಕನಿ ಇದೆಯಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ.

ಇನ್ನು ಮೆಟ್ರೋ. ನಿಮ್ಮ ಏರಿಯಾ ಬೆಳೆಯುತ್ತಿರುವುದು ನಿಜ. ಯೋಜನೆಯ ಪ್ರಕಾರ ನಾಗವಾರದಲ್ಲಿ ಎರಡು ಮಾರ್ಗ ಕೂಡುತ್ತವೆ. ಕಾಳೇನ ಅಗ್ರಹಾರದಿಂದ ಬರುವ ಗುಲಾಬಿ ಮಾರ್ಗ ಒಂದು, ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ಇನ್ನೊಂದು. ನಿಮ್ಮಂಥವರಿಗೆ ನೀಲಿ ಮಾರ್ಗ ವರವೇ. ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗ ಹತ್ತಿದರೆ ವೈಟ್‌ಫೀಲ್ಡ್. ಆದರೆ ಆ ಮಾರ್ಗ ಹೊರವರ್ತುಲ ರಸ್ತೆಯ ಮೇಲೆ ಹೋಗುತ್ತದೆ, ಥಣಿಸಂದ್ರ ರಸ್ತೆಯ ಮೇಲಲ್ಲ. ನಾಗವಾರ ನಿಲ್ದಾಣ ತಲುಪಲು ಅದೇ ಥಣಿಸಂದ್ರ ರಸ್ತೆಯ ಟ್ರಾಫಿಕ್ ದಾಟಲೇಬೇಕು. ಬ್ರೋಷರ್‌ನಲ್ಲಿ 'ಮೆಟ್ರೋಗೆ 10 ನಿಮಿಷ' ಅಂತ ಇರುತ್ತದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಅಪಾರ್ಟ್‌ಮೆಂಟಿನ ಗೇಟಿನಿಂದ ನಾಗವಾರ ಜಂಕ್ಷನ್‌ಗೆ ಗಾಡಿ ಓಡಿಸಿ ನೋಡಿ. ನಿಮ್ಮ ಹೆಂಡತಿ ದಿನಾ ಹೋಗಬೇಕಾದ ದಾರಿಯೂ ಅದೇ ಅಲ್ವಾ?

ಬರುತ್ತದೆ ಅಂದದ್ದು ಯಾವಾಗ ಬರುತ್ತದೆ ಅನ್ನುವುದಕ್ಕೆ ಈ ಊರಲ್ಲೇ ಉದಾಹರಣೆಗಳಿವೆ. ಬೊಮ್ಮಸಂದ್ರದ ಹಳದಿ ಮಾರ್ಗ ಇರುವ ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಆ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಪೆರಿಫೆರಲ್ ರಿಂಗ್ ರೋಡ್‌ಗೆ ಮೊದಲ ಅಧಿಸೂಚನೆ ಹೊರಟಿದ್ದು 2005ರಲ್ಲಿ. ಸುಮಾರು ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅದಕ್ಕೆ ಹೊಸ ಹೆಸರು ಬಂತು, ರಸ್ತೆ ಮಾತ್ರ ಬರಲಿಲ್ಲ. ಆ ರಸ್ತೆ ಹೆಸರು ಹೇಳಿ ಮಾರಿದ ಸೈಟುಗಳಿಗೆ ನಾನೇ ಬೆಲೆ ಕಟ್ಟಲು ಹೋಗಿದ್ದೇನೆ. ನೀಲಿ ಮಾರ್ಗದ ಕಂಬಗಳು ಕಣ್ಣಿಗೆ ಕಾಣುತ್ತಿವೆ, ಅದು ಒಂದು ದಿನ ಬಂದೇ ಬರುತ್ತದೆ. ಆದರೆ ಬಿಲ್ಡರ್ ಹೇಳುವ 7,500ರಲ್ಲಿ ಆ ಮೆಟ್ರೋದ ಬೆಲೆ ಆಗಲೇ ಸೇರಿಕೊಂಡಿದೆ. ಇನ್ನೂ ಹತ್ತದ ರೈಲಿಗೆ ನೀವು ಈಗಲೇ ಟಿಕೆಟ್ ದುಡ್ಡು ಕೊಡುತ್ತಿದ್ದೀರಿ. ಹಾಗಾಗಿ 'ಒಂದೂವರೆ ಪಟ್ಟು' ಅನ್ನುವ ಮಾತನ್ನು ಲೆಕ್ಕದಿಂದ ತೆಗೆದುಬಿಡಿ. ಇವತ್ತು ಆ ರಸ್ತೆ, ಆ ನೀರು, ಆ ಗಾಳಿ ಇರುವ ಹಾಗೆಯೇ ಇನ್ನು ಎಂಟು ವರ್ಷ ಇದ್ದರೆ, ಆಗಲೂ ಈ ಬೆಲೆಗೆ ಈ ಮನೆ ಬೇಕಾ? ಗಂಡ ಹೆಂಡತಿ ಕೂತು ಮಾತಾಡಬೇಕಾದದ್ದು ಇದು.

ಜಾಗದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಥಣಿಸಂದ್ರದ ಜಾಗಕ್ಕೆ ಅದರದ್ದೇ ಒಂದು ಕಥೆಯಿದೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅರ್ಕಾವತಿ ಬಡಾವಣೆ ಮಾಡಲು ಹೊರಟು 2004ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. ಅದು ಬೆಂಗಳೂರು ಉತ್ತರದ ಹದಿನಾರು ಹಳ್ಳಿಗಳ ಜಮೀನು. ಥಣಿಸಂದ್ರ, ರಾಚೇನಹಳ್ಳಿ, ನಾಗವಾರ, ಸಂಪಿಗೇಹಳ್ಳಿ, ಜಕ್ಕೂರು, ಹೆಣ್ಣೂರು ಎಲ್ಲ ಆ ಪಟ್ಟಿಯಲ್ಲಿದ್ದವು. ರೈತರು ಕೋರ್ಟಿಗೆ ಹೋದರು. 2010ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕೆಲವು ಜಮೀನು ಸ್ವಾಧೀನದಲ್ಲಿ ಉಳಿಯಿತು, ಕೆಲವನ್ನು ಕೈಬಿಟ್ಟರು. ಕೈಬಿಟ್ಟದ್ದು ಸರಿಯೋ ತಪ್ಪೋ ಎಂದು ದೊಡ್ಡ ಗಲಾಟೆಯಾಗಿ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವೇ ಕೂತಿತು. ಒಂದೇ ರಸ್ತೆಯ ಈ ಬದಿಯ ಸರ್ವೆ ನಂಬರ್ ಶುದ್ಧ, ಆ ಬದಿಯದು ತಕರಾರಿನದು ಅನ್ನುವ ಪರಿಸ್ಥಿತಿ ಅಲ್ಲಿ ಇದೆ. ಅದಕ್ಕೇ ಸರ್ವೆ ನಂಬರ್ ಕೇಳಿದ್ದು.

ಅದು ಸಿಕ್ಕ ಮೇಲೆ ವಕೀಲರಿಗೆ ಮೊದಲ ಪ್ರಶ್ನೆ ಹೀಗಿರಲಿ: 'ಈ ನಂಬರ್ ಅರ್ಕಾವತಿ ಅಧಿಸೂಚನೆಯಲ್ಲಿ ಇತ್ತಾ? ಇದ್ದರೆ ಹೇಗೆ ಹೊರಬಂತು? ಆ ಆದೇಶದ ಪ್ರತಿ ಎಲ್ಲಿ?' 'ಬ್ಯಾಂಕಿನವರು ಒಪ್ಪಿದ್ದಾರಲ್ಲ ಸಾರ್' ಅಂತ ಮಾರುವವರು ಹೇಳುತ್ತಾರೆ. ಬ್ಯಾಂಕಿನ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಬ್ಯಾಂಕು ನೋಡುವುದು ತನ್ನ ಸಾಲದ ಭದ್ರತೆಯನ್ನು. ನಿಮ್ಮ ಕಡೆಯಿಂದ ನೋಡಲು ನಿಮ್ಮದೇ ವಕೀಲರು ಬೇಕು. ಬಿಲ್ಡರ್ ತೋರಿಸಿದ ವಕೀಲರು ಬೇಡ. ಅವರ ಫೀಸು ನಿಮ್ಮ ಒಂದು ತಿಂಗಳ ಕಂತಿಗಿಂತ ಕಡಿಮೆಯೇ ಆಗುತ್ತದೆ. ಮೂವತ್ತು ವರ್ಷದ ಹಿಂದಿನ ಮೂಲ ಪತ್ರಗಳು, ಭೂ ಪರಿವರ್ತನೆ ಆದೇಶ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಇಸಿ (ಋಣಭಾರ ಪತ್ರ), ಜಮೀನಿನ ಖಾತಾ, ಮಂಜೂರಾದ ನಕ್ಷೆ, ಎಲ್ಲವನ್ನೂ ಅವರು ಓದಲಿ.

ಎರಡು ವಿಷಯ ವಕೀಲರೂ ಕೆಲವೊಮ್ಮೆ ಬಿಟ್ಟುಬಿಡುತ್ತಾರೆ, ನೀವೇ ನೆನಪಿಸಿ. ಆ ಕಡೆ ಬಹಳಷ್ಟು ಅಪಾರ್ಟ್‌ಮೆಂಟ್‌ಗಳು ಜಂಟಿ ಅಭಿವೃದ್ಧಿಯವು. ಜಮೀನು ಒಬ್ಬರದು, ಕಟ್ಟುವವರು ಇನ್ನೊಬ್ಬರು, ಮನೆಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ನಿಮಗೆ ತೋರಿಸಿದ ಫ್ಲ್ಯಾಟ್ ನಂಬರ್ ಬಿಲ್ಡರ್ ಪಾಲಿನದಾ, ಜಮೀನುದಾರರ ಪಾಲಿನದಾ ಅಂತ ಹಂಚಿಕೆ ಪತ್ರದಲ್ಲಿ ನೋಡಿ. ತನ್ನದಲ್ಲದ ಪಾಲಿನ ಮನೆಗೆ ಬಿಲ್ಡರ್ ದುಡ್ಡು ತಗೊಂಡು, ಆಮೇಲೆ ಕೊಂಡವರು ಇಬ್ಬರ ಮಧ್ಯೆ ಓಡಾಡಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಎರಡನೆಯದು, ಬಿಲ್ಡರ್ ಈ ಜಾಗವನ್ನೇ ಅಡವಿಟ್ಟು ಸಾಲ ತಂದಿರಬಹುದು. ಅದು ತಪ್ಪೇನಲ್ಲ. ಆದರೆ ಸಾಲ ಕೊಟ್ಟವರಿಂದ ನಿಮ್ಮ ಫ್ಲ್ಯಾಟ್ ನಂಬರ್ ಹಾಕಿದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ನಿಮ್ಮ ಪಾಲಿಗೆ ಬರುವ ಜಮೀನು ಎಷ್ಟು ಅಂತಲೂ ಕೇಳಿ. ನಾಲ್ಕು ಎಕರೆ ಅಂದರೆ 1,74,240 ಚದರಡಿ, 420 ಮನೆಗೆ ಸಮನಾಗಿ ಹಂಚಿದರೆ ತಲಾ 415. ಪತ್ರದಲ್ಲಿರುವ ಅಂಕಿ ಇದಕ್ಕಿಂತ ತುಂಬಾ ಕಡಿಮೆ ಇದ್ದರೆ ಕಾರಣ ಕೇಳಲೇಬೇಕು.

ರೇರಾ ಬಗ್ಗೆ ಜನಕ್ಕೆ ಒಂದೋ ಅತಿ ನಂಬಿಕೆ, ಇಲ್ಲವೇ ಪೂರ್ತಿ ಅಪನಂಬಿಕೆ. ಅದರಿಂದ ಉಪಯೋಗ ಇದೆ. ಕರ್ನಾಟಕ ರೇರಾ ಜಾಲತಾಣದಲ್ಲಿ ಪ್ರಾಜೆಕ್ಟಿನ ಹೆಸರು ಹಾಕಿದರೆ ನಕ್ಷೆ, ಜಮೀನಿನ ಪತ್ರ, ಮೂರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿ, ಅದೇ ಬಿಲ್ಡರ್ ಮೇಲಿನ ದೂರುಗಳು ಸಿಗುತ್ತವೆ. ಮುಗಿಸುವ ದಿನಾಂಕವನ್ನು ಅಲ್ಲಿ ನೋಡಿ. ಬಾಯಲ್ಲಿ 2028ರ ಡಿಸೆಂಬರ್ ಅಂದವರು ಅಲ್ಲಿ ಅದಕ್ಕಿಂತ ಒಂದು ವರ್ಷ ಮುಂದಿನ ದಿನಾಂಕ ಬರೆದಿರಬಹುದು. ಕಾನೂನಿನ ಕಣ್ಣಿಗೆ ತಡ ಅನ್ನುವುದು ಒಪ್ಪಂದದಲ್ಲಿ ಬರೆದ ದಿನಾಂಕ ದಾಟಿದ ಮೇಲೆ. ಹಾಗಾಗಿ ಅವರು ಬಾಯಲ್ಲಿ ಹೇಳಿದ ದಿನವನ್ನೇ ಒಪ್ಪಂದದಲ್ಲೂ ಬರೆಸಿ. ನೋಂದಾಯಿಸಿದ ಮಾರಾಟ ಒಪ್ಪಂದ ಆಗುವ ತನಕ ಮನೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಕೊಂಡವರ ಹಣದಲ್ಲಿ ಶೇ. 70 ಬೇರೆ ಖಾತೆಯಲ್ಲಿ ಇಡಬೇಕು. ಕಟ್ಟಡದ ರಚನೆಯಲ್ಲಿ ದೋಷ ಬಂದರೆ ಐದು ವರ್ಷ ಅವರೇ ಸರಿಮಾಡಿಕೊಡಬೇಕು. ತಡವಾದರೆ ಸ್ಟೇಟ್ ಬ್ಯಾಂಕಿನ ಸಾಲದ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಆದೇಶವೇನೋ ಸಿಗುತ್ತದೆ. ಆದರೆ ಬಿಲ್ಡರ್ ಕೊಡದಿದ್ದರೆ ಅದನ್ನು ಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬೇಕು, ಅದಕ್ಕೆ ಕಚೇರಿಗಳನ್ನು ಸುತ್ತುವುದು ತಪ್ಪುವುದಿಲ್ಲ.

ನನ್ನದೇ ಒಂದು ಅನುಭವ. ರೇರಾ ಬರುವ ಮುಂಚೆ, 2011ರಲ್ಲಿ, ನಗರದ ಇನ್ನೊಂದು ತುದಿಯಲ್ಲಿ ನಾವೊಂದು ಫ್ಲ್ಯಾಟ್ ಬುಕ್ ಮಾಡಿದೆವು. 2013ಕ್ಕೆ ಕೊಡುತ್ತೇವೆ ಅಂದರು, ಕೊಟ್ಟದ್ದು 2016ರಲ್ಲಿ. ಕೀ ಕೊಟ್ಟರು, ಒಸಿ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ಕೊಡಲಿಲ್ಲ. ತಾತ್ಕಾಲಿಕ ಕರೆಂಟಿನಲ್ಲಿ ಎರಡು ವರ್ಷ ಕಳೆದೆವು. ಬಿಲ್ಲು ಬಂದಾಗಲೆಲ್ಲ ಮನೆಯಲ್ಲಿ ಮಾತು ಬೆಳೆಯುತ್ತಿತ್ತು. ಊರಿನ ಮನೆಗಳಿಗೆಲ್ಲ ಬೆಲೆ ಕಟ್ಟುವ ನಾನೇ ಇದನ್ನು ಯಾಕೆ ನೋಡಲಿಲ್ಲ ಅಂತ ಹೆಂಡತಿ ಕೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ. ಈಗ ನಿಯಮ ಬಿಗಿಯಾಗಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಸಿ ಅಥವಾ ಸಿಸಿ (ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಅಂದಿದೆ. ಇದರ ಬಿಸಿ ಬಿಲ್ಡರ್‌ಗಿಂತ ಮುಂಚೆ ಮನೆಗೆ ಬಂದು ಕೂತವರಿಗೆ ತಟ್ಟುತ್ತದೆ. ಅದಕ್ಕೆ ಒಪ್ಪಂದದಲ್ಲಿ ಕೊನೆಯ ಕಂತನ್ನು ಒಸಿಗೆ ಗಂಟು ಹಾಕಿ. ಈ ಬಿಲ್ಡರ್‌ನ ಹಿಂದಿನ ಎರಡು ಅಪಾರ್ಟ್‌ಮೆಂಟ್‌ಗೆ ಹೋಗಿ, 'ಒಸಿ ಯಾವಾಗ ಬಂತು' ಅಂತ ಅಲ್ಲಿನ ಸಂಘದವರನ್ನೇ ಕೇಳಿ. ನೂರು ಜಾಹೀರಾತಿಗಿಂತ ಆ ಉತ್ತರದ ಮೇಲೆ ನನಗೆ ನಂಬಿಕೆ ಜಾಸ್ತಿ.

ನೀರು. 2024ರ ಬೇಸಿಗೆ ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ದೂರ ನೋಡಿ 1,000ದಿಂದ 1,200 ರೂಪಾಯಿ ಅಂತ ದರ ಕಟ್ಟಬೇಕಾಯಿತು. ಅದೇ ದರ ಇಟ್ಟುಕೊಂಡು ಲೆಕ್ಕ ಹಾಕಿ. 420 ಮನೆ, ಮನೆಗೆ ದಿನಕ್ಕೆ 400 ಲೀಟರ್ ಅಂದರೆ 1.68 ಲಕ್ಷ ಲೀಟರ್. ಪೂರ್ತಿ ಟ್ಯಾಂಕರ್ ನೀರೇ ಆದರೆ ದಿನಕ್ಕೆ ಹದಿನಾಲ್ಕು ಟ್ಯಾಂಕರ್, ತಿಂಗಳಿಗೆ ಐದು ಲಕ್ಷ, ಪ್ರತಿ ಮನೆಗೆ 1,200 ರೂಪಾಯಿ. ಬೇಸಿಗೆಯಲ್ಲಿ ಸರ್ಕಾರದ ದರಕ್ಕೇ ಟ್ಯಾಂಕರ್ ಸಿಗುತ್ತದೆ ಎಂದು ನಂಬಿ ಕೂರಬೇಡಿ. ದುಡ್ಡಿಗಿಂತ ದೊಡ್ಡ ಚಿಂತೆ ಬೇರೆ ಇದೆ. ಆ ಹದಿನಾಲ್ಕು ಟ್ಯಾಂಕರ್‌ಗಳೂ ಯಾವುದೋ ಬೋರ್‌ವೆಲ್‌ನಿಂದಲೇ ತುಂಬಿಕೊಂಡು ಬರಬೇಕು.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲೂ ಆಯಿತು. ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟು ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಆದರೆ ನಿಮಗೆ ಮುಖ್ಯವಾದದ್ದು ನಿಮ್ಮ ಗೇಟಿನ ಮುಂದಿನ ರಸ್ತೆಗೆ ಪೈಪು ಬಂದಿದೆಯಾ, ಬಿಲ್ಡರ್ ಜಲಮಂಡಳಿಗೆ ದುಡ್ಡು ಕಟ್ಟಿ ಸಂಪರ್ಕಕ್ಕೆ ಅರ್ಜಿ ಹಾಕಿದ್ದಾರಾ ಅನ್ನುವುದು. ನಿಮ್ಮಿಂದ ಏಳೂವರೆ ಲಕ್ಷದಲ್ಲಿ ನೀರಿನ ಬಾಬ್ತು ಕೇಳುತ್ತಿದ್ದಾರಲ್ಲ, ಅದರ ರಸೀದಿ ತೋರಿಸಿ ಅನ್ನಿ.

ಜಾಸ್ತಿ ನೀರೂ ಕಷ್ಟವೇ. ಜಕ್ಕೂರು ಕೆರೆ ತುಂಬಿದರೆ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ, ಅಲ್ಲಿಂದ ಮುಂದಕ್ಕೆ ರಾಜಕಾಲುವೆಗಳು. 2024ರ ಅಕ್ಟೋಬರ್ ಮಳೆಯಲ್ಲಿ ಮಾನ್ಯತಾ ಟೆಕ್ ಪಾರ್ಕ್ ಒಳಗೇ ನೀರು ನಿಂತಿತ್ತು, ನಿಮ್ಮ ಹೆಂಡತಿಗೆ ಗೊತ್ತಿರುತ್ತದೆ. ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಕರೆತಂದರು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್, ಹತ್ತಿರದ ಕಾಲುವೆ, ಕೆರೆ ಎಲ್ಲ ಕಾಣುತ್ತವೆ. ಕಾಲುವೆಯಿಂದ ಎಷ್ಟು ಮೀಟರ್ ಬಿಡಬೇಕು ಅನ್ನುವ ನಿಯಮ ಹಲವು ಸಲ ಬದಲಾಗಿದೆ. ಕಾಗದದಲ್ಲಿ ಸರಿ ಇದ್ದರೂ ಜಾಗ ರಸ್ತೆಗಿಂತ ತಗ್ಗಿನಲ್ಲಿದ್ದರೆ ನಾನಾದರೆ ವಾಪಸ್ ಬರುತ್ತೇನೆ. ಜೋರು ಮಳೆ ನಿಂತ ಅರ್ಧ ಗಂಟೆಯಲ್ಲಿ ಒಮ್ಮೆ ಹೋಗಿ ನೋಡಿ.

ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಒಂದು ಚಿಕ್ಕ ವಿಷಯ. ಮನೆ ಬೆಲೆ 50 ಲಕ್ಷ ಮುಟ್ಟಿದರೆ ಪ್ರತಿ ಕಂತಿನಲ್ಲೂ ಶೇ. 1 ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮರೆತರೆ ದಂಡ ನಿಮಗೇ.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಅದೇ ಥಣಿಸಂದ್ರ, ಹೆಗಡೆ ನಗರದ ಸುತ್ತ ನಾಲ್ಕೈದು ವರ್ಷ ಹಳೆಯ, ಒಸಿ ಇರುವ ಮನೆಗಳನ್ನು ಮೂರು ತಿಂಗಳು ನೋಡುತ್ತಿದ್ದೆ. ಅದಕ್ಕೆ ಜಿಎಸ್‌ಟಿ ಇಲ್ಲ, ಅಲ್ಲೇ 4.8 ಲಕ್ಷ ಉಳಿಯಿತು. ಕೊಂಡ ತಿಂಗಳೇ ಬಾಡಿಗೆ ನಿಲ್ಲುತ್ತದೆ. ಗೋಡೆ ಬಿರುಕು ಬಿಟ್ಟಿದೆಯಾ, ನೀರು ಎಷ್ಟು ಬರುತ್ತದೆ, ಸಂಘದ ಖಾತೆಯಲ್ಲಿ ದುಡ್ಡಿದೆಯಾ ಎಲ್ಲ ಕಣ್ಣಾರೆ ನೋಡಬಹುದು. ಹೊಸ ಈಜುಕೊಳ, ಹೊಸ ಕ್ಲಬ್ ಹೌಸ್ ಸಿಗಲಿಕ್ಕಿಲ್ಲ. ಬಾಡಿಗೆಯ ಲೆಕ್ಕವನ್ನೂ ಮರೆಯಬೇಡಿ. ನೀವು 1.08 ಕೋಟಿ ಹಾಕುವ ಮನೆಗೆ ವರ್ಷದ ಬಾಡಿಗೆ 3.6 ಲಕ್ಷ, ಶೇ. 3.3 ಆಯಿತು. ಶೇ. 8ರ ಸಾಲ ತಂದು ಇದನ್ನು ಹೂಡಿಕೆ ಅಂತ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇರುವುದಕ್ಕೆ ಬೇಕು ಅಂತಿದ್ದರೆ ಮಾತ್ರ ಮುಂದುವರಿಯಿರಿ.

ಹೊಸದೇ ಬೇಕು, ಅಲ್ಲೇ ಬೇಕು ಅನ್ನುವುದಾದರೆ ಬಜೆಟ್ಟನ್ನು ಹದಿನೈದು ಲಕ್ಷ ಇಳಿಸಿ. ಸ್ವಲ್ಪ ಚಿಕ್ಕ ಮನೆಯಾದರೂ ಆಗಲಿ. ಆಗ ಅಪ್ಪನ 12 ಲಕ್ಷದ ಮೇಲಿನ ಭಾರ ಕಡಿಮೆಯಾಗುತ್ತದೆ. ಅಡಿಕೆ ಬೆಲೆ ಏರಿಳಿತ ನಿಮಗೆ ನಾನು ಹೇಳಬೇಕಾ? ಆ ದುಡ್ಡಿನಲ್ಲಿ ಉಳಿದದ್ದು ಅವರ ಹೆಸರಿನಲ್ಲೇ ಠೇವಣಿಯಲ್ಲಿರಲಿ.

ಈ ಶನಿವಾರ ಸಂಜೆ ಸೈಟ್ ಆಫೀಸಿನ ಬದಲು ಅದೇ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟ್‌ಗೆ ಹೋಗಿ. ಗೇಟಿನ ಸೆಕ್ಯುರಿಟಿಯವರನ್ನು ದಿನಕ್ಕೆ ಎಷ್ಟು ಟ್ಯಾಂಕರ್ ಒಳಗೆ ಬರುತ್ತದೆ ಅಂತ ಕೇಳಿ, ಅವರ ರಿಜಿಸ್ಟರ್‌ನಲ್ಲಿ ಬರೆದಿರುತ್ತದೆ. ಬಿಲ್ಡರ್‌ಗೆ ಫೋನ್ ಮಾಡಿ ಸರ್ವೆ ನಂಬರ್, ರೇರಾ ನಂಬರ್, ಜಲಮಂಡಳಿ ರಸೀದಿ ಮೂರನ್ನೂ ಕಳಿಸಿ ಅನ್ನಿ. ಒಂದು ವಾರದಲ್ಲಿ ಮೂರೂ ಬಂದರೆ ನನಗೆ ಮತ್ತೆ ಬರೆಯಿರಿ, ಒಂದೊಂದಾಗಿ ನೋಡೋಣ. ಬರದಿದ್ದರೆ ಬೇರೆ ಮನೆ ಹುಡುಕಲು ಶುರುಮಾಡಿ.